ಛೇದವನ್ನು ಮೊದಲು ಓದುವ ಗಣಿತ

ಭಿನ್ನರಾಶಿಯ ಮೇಲಿನ ಸಂಖ್ಯೆಗೆ ಅಂಶವೆಂದೂ ಕೆಳಗಿನ ಸಂಖ್ಯೆಗೆ ಛೇದವೆಂದೂ ಕನ್ನಡದ ಗಣಿತ ಪಠ್ಯಗಳು ಹೆಸರಿಟ್ಟಿವೆ. ಛೇದವೆಂದರೆ ಕತ್ತರಿಸುವುದು, ಅಂಶವೆಂದರೆ ಪಾಲು ಎಂಬ ಅರ್ಥವು ಆ ಹೆಸರುಗಳಲ್ಲಿಯೇ ಇರುವುದರಿಂದ, ಒಂದು ರೊಟ್ಟಿಯನ್ನು ಎಷ್ಟು ತುಂಡು ಮಾಡಲಾಯಿತು ಮತ್ತು ಅದರಲ್ಲಿ ಎಷ್ಟು ತುಂಡು ಒಬ್ಬರ ತಟ್ಟೆಗೆ ಬಂತು ಎಂಬ ಎರಡು ಸಂಗತಿಗಳನ್ನು ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಪದವನ್ನು ಉಚ್ಚರಿಸುವಾಗಲೇ ಅರಿಯಬಲ್ಲನು. ಈ ಅನುಕೂಲವನ್ನು ಪರೀಕ್ಷೆಯ ಸಿದ್ಧತೆಯಲ್ಲಿ ಬಳಸಿಕೊಳ್ಳುವವರು ಕಡಿಮೆ. ಬೀಜಗಣಿತದ ಭಾಗಲಬ್ಧ ಫಲನಗಳು ಮತ್ತು ಸಂಭವನೀಯತೆ ಎಂಬ ಎರಡು ವಿಷಯಗಳನ್ನು ಪುನರಾವರ್ತನೆ ಮಾಡುವಾಗ ಇದು ಎದ್ದು ಕಾಣುತ್ತದೆ, ಏಕೆಂದರೆ ಎರಡರಲ್ಲಿಯೂ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಅಂಶದಲ್ಲಿ ಆಗದೆ ಛೇದವನ್ನು ಗಮನಿಸದೆ ಬಿಡುವುದರಿಂದ ಆಗುತ್ತವೆ.

ಹೊಸಪೇಟೆ–ಬಳ್ಳಾರಿ ರೈಲು ಮಾರ್ಗದಲ್ಲಿರುವ ಗಾದಿಗನೂರಿನಂತಹ ಊರಿನ ವಿದ್ಯಾರ್ಥಿಗೆ ಈ ಎರಡು ವಿಷಯಗಳು ಎರಡು ಹಂತಗಳಲ್ಲಿ ಎದುರಾಗುತ್ತವೆ. ಎಸ್ಸೆಸ್ಸೆಲ್ಸಿ ಗಣಿತದ ಲಿಖಿತ ಪರೀಕ್ಷೆಗೆ 80 ಅಂಕಗಳೂ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳೂ ಇದ್ದು, ಪಠ್ಯದಲ್ಲಿ ಬಹುಪದೋಕ್ತಿಗಳು, ವರ್ಗ ಸಮೀಕರಣಗಳು, ಸಂಭವನೀಯತೆ ಎಂಬ ಅಧ್ಯಾಯಗಳು ಬೇರೆ ಬೇರೆಯಾಗಿ ಬರುತ್ತವೆ. ಭಾಗಲಬ್ಧ ಫಲನ ಎಂಬ ಕಲ್ಪನೆ ಅದರ ಹೆಸರಿನೊಂದಿಗೆ ಬರುವುದು ಪ್ರಥಮ ಪಿಯುಸಿಯಲ್ಲಿಯೇ ಆದರೂ, ಹತ್ತನೇ ತರಗತಿಯ ರೈಲಿನ ವೇಗದ ಲೆಕ್ಕಗಳಲ್ಲಿ ಅದು ಆಗಲೇ ಮೊಳೆತಿರುತ್ತದೆ. ಅಧ್ಯಾಯಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟು, ಪ್ರತಿಯೊಂದಕ್ಕೂ ಪ್ರತ್ಯೇಕ ಸೂತ್ರಪಟ್ಟಿಯನ್ನು ಬಾಯಿಪಾಠ ಮಾಡಿಸುವ ಕ್ರಮವು ಈ ನಂಟನ್ನು ಮುಚ್ಚಿಬಿಡುತ್ತದೆ, ಮತ್ತು ಅದರಿಂದ ವಿದ್ಯಾರ್ಥಿಯ ಹೊರೆ ನಿಜಕ್ಕೂ ಇರಬೇಕಾದುದಕ್ಕಿಂತ ಹೆಚ್ಚಾಗುತ್ತದೆ.

ಒಂದು ಬಹುಪದೋಕ್ತಿಯನ್ನು ಇನ್ನೊಂದು ಬಹುಪದೋಕ್ತಿಯಿಂದ ಭಾಗಿಸಿದಾಗ ದೊರೆಯುವುದೇ ಭಾಗಲಬ್ಧ ಫಲನ. ಫಲನವೆಂದರೆ ಒಂದು ಸಂಖ್ಯೆಯನ್ನು ಒಳಗೆ ಕೊಟ್ಟರೆ ನಿಶ್ಚಿತವಾದ ಒಂದೇ ಸಂಖ್ಯೆಯನ್ನು ಹೊರಗೆ ಕೊಡುವ ನಿಯಮ. ಒಳಗೆ ಕೊಡಬಹುದಾದ ಸಂಖ್ಯೆಗಳ ಒಟ್ಟು ಸಮೂಹವನ್ನು ಆ ಫಲನದ ಕ್ಷೇತ್ರವೆನ್ನುತ್ತಾರೆ. ಅಜ್ಞಾತ ಸಂಖ್ಯೆಯನ್ನು ಹಳೆಯ ಕನ್ನಡ ಪಠ್ಯಗಳ ರೀತಿಯಲ್ಲಿ ‘ಕ್ಷ’ ಎಂದು ಬರೆದರೆ, 1/(ಕ್ಷ − 3) ಎಂಬುದು ಸರಳವಾದ ಭಾಗಲಬ್ಧ ಫಲನವಾಗುತ್ತದೆ, ಮತ್ತು ಅದರ ಕ್ಷೇತ್ರದಲ್ಲಿ 3 ಒಂದನ್ನು ಬಿಟ್ಟು ಎಲ್ಲ ವಾಸ್ತವ ಸಂಖ್ಯೆಗಳೂ ಇರುತ್ತವೆ. ಕ್ಷ = 3 ಆದಾಗ ಛೇದವು ಶೂನ್ಯವಾಗುತ್ತದೆ. ಭಾಗಾಕಾರವೆಂಬುದು ಗುಣಾಕಾರದ ಹಿಮ್ಮುಖ ಕ್ರಿಯೆಯಾದ್ದರಿಂದ, 1ನ್ನು ಶೂನ್ಯದಿಂದ ಭಾಗಿಸುವುದೆಂದರೆ ಶೂನ್ಯದಿಂದ ಗುಣಿಸಿದಾಗ 1 ಬರುವ ಸಂಖ್ಯೆಯನ್ನು ಹುಡುಕುವುದಾಗುತ್ತದೆ, ಮತ್ತು ಅಂತಹ ಸಂಖ್ಯೆ ಇಲ್ಲ. ‘ಛೇದ ಶೂನ್ಯವಾಗಬಾರದು’ ಎಂಬ ವಾಕ್ಯವನ್ನು ವಿದ್ಯಾರ್ಥಿಗಳು ಕಟ್ಟಳೆಯಂತೆ ಕಲಿಯುತ್ತಾರೆ. ಈ ಒಂದು ಸಾಲಿನ ಕಾರಣವನ್ನು ತಿಳಿದವರಿಗೆ ಅದನ್ನು ನೆನಪಿಟ್ಟುಕೊಳ್ಳುವ ಶ್ರಮವೇ ಇರುವುದಿಲ್ಲ.

ಈ ಕಾರಣವು ಮನುಷ್ಯನಿಗೆ ಸುಲಭವಾಗಿ ದಕ್ಕಿದ್ದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ 9ನೆಯ ಶತಮಾನದ ನಡುವೆ, ಕನ್ನಡ ನಾಡಿನ ಜೈನ ಗಣಿತಜ್ಞ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಅದರ ಆರಂಭದಲ್ಲಿ ಆ ದೊರೆಯನ್ನು ಸ್ತುತಿಸಿದ್ದಾನೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಭಿನ್ನರಾಶಿಗಳ ವಿಷಯದಲ್ಲಿ ಆ ಗ್ರಂಥದ ಸಾಮರ್ಥ್ಯ ಅಸಾಧಾರಣವಾದುದು. ಅಂಶದಲ್ಲಿ 1 ಮಾತ್ರ ಇರುವ ಭಿನ್ನರಾಶಿಗಳನ್ನು ಕೂಡಿಸಿ 1ನ್ನು ಪಡೆಯುವ ಸಾಮಾನ್ಯ ವಿಧಾನವನ್ನು ಅದು ಕೊಡುತ್ತದೆ: 1/2 + 1/3 + 1/6 ಕೂಡಿದರೆ 1; ನಾಲ್ಕು ಪದಗಳು ಬೇಕೆಂದರೆ 1/2 + 1/3 + 1/9 + 1/18; ಹೀಗೆಯೇ ಎಷ್ಟು ಪದಗಳವರೆಗೆ ಬೇಕಾದರೂ ಮುಂದುವರಿಸಬಹುದು. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ ಅದೇ ಮಹಾವೀರನು, ಶೂನ್ಯದಿಂದ ಭಾಗಿಸಿದಾಗ ಸಂಖ್ಯೆಯು ಬದಲಾಗದೆ ಉಳಿಯುತ್ತದೆ ಎಂದು ಬರೆದನು. ಅದು ತಪ್ಪು. ಆ ತಪ್ಪನ್ನು ಇಲ್ಲಿ ನೆನೆಯುವುದರ ಉದ್ದೇಶ ಆಚಾರ್ಯನನ್ನು ಕುಂದಿಸುವುದಲ್ಲ; ಭಿನ್ನರಾಶಿಗಳನ್ನು ಅಷ್ಟು ಆಳವಾಗಿ ಬಲ್ಲವನಿಗೂ ಎಡವುವ ಜಾಗವಾಗಿದ್ದ ಒಂದು ಕಲ್ಪನೆಯ ಬಳಿ ಹದಿನಾರು ವರ್ಷದ ವಿದ್ಯಾರ್ಥಿಯು ತಡವರಿಸಿದರೆ ಅದು ದಡ್ಡತನವಲ್ಲ ಎಂಬುದನ್ನು ತಿಳಿಸುವುದಕ್ಕಾಗಿ. 12ನೆಯ ಶತಮಾನದ ಭಾಸ್ಕರಾಚಾರ್ಯನು ಶೂನ್ಯವು ಛೇದವಾಗಿರುವ ರಾಶಿಗೆ ‘ಖಹರ’ ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟನು.

ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಈ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. (ಕ್ಷ² − 9)/(ಕ್ಷ − 3) ಎಂಬ ಉಕ್ತಿಯ ಅಂಶವನ್ನು (ಕ್ಷ + 3)(ಕ್ಷ − 3) ಎಂದು ಅಪವರ್ತಿಸಿ, ತರಗತಿಯ ಮಾತಿನಲ್ಲಿ ಹೇಳುವಂತೆ ಮೇಲೆ ಕೆಳಗೆ ‘ಕ್ಯಾನ್ಸಲ್’ ಮಾಡಿದರೆ ಕ್ಷ + 3 ಉಳಿಯುತ್ತದೆ; ಆದರೆ ಮೂಲ ಉಕ್ತಿಗೆ ಕ್ಷ = 3ರಲ್ಲಿ ಬೆಲೆಯಿಲ್ಲ, ಉಳಿದ ಉಕ್ತಿಗೆ ಅಲ್ಲಿ 6 ಎಂಬ ಬೆಲೆಯಿದೆ. ನಕ್ಷೆಯಲ್ಲಿ ಮೂಲ ಫಲನವು ಸರಳರೇಖೆಯೇ ಆದರೂ ಆ ಒಂದು ಬಿಂದುವಿನಲ್ಲಿ ಸೂಜಿ ಚುಚ್ಚಿದಂತಹ ತೂತಿರುತ್ತದೆ. ಆದ್ದರಿಂದ ಸಂಕ್ಷೇಪಿಸುವ ಮೊದಲೇ ‘ಕ್ಷ ≠ 3’ ಎಂದು ಬರೆದಿಡುವುದು ಒಳ್ಳೆಯ ಅಭ್ಯಾಸ, ಏಕೆಂದರೆ ಸಂಕ್ಷೇಪಿಸಿದ ಮೇಲೆ ಆ ಎಚ್ಚರಿಕೆಯನ್ನು ಕೊಡುವ ಗುರುತೇ ಕಾಗದದ ಮೇಲೆ ಉಳಿದಿರುವುದಿಲ್ಲ. ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯವಾದುದು: (ಕ್ಷ + 5)/5 ಎಂಬಲ್ಲಿ ಮೇಲಿನ 5ನ್ನೂ ಕೆಳಗಿನ 5ನ್ನೂ ಹೊಡೆದುಹಾಕುವುದು. ಗುಣಿಸಿಕೊಂಡಿರುವ ಅಪವರ್ತನಗಳನ್ನು ಹಾಗೆ ತೆಗೆಯಬಹುದೇ ಹೊರತು ಕೂಡಿಸಿಕೊಂಡಿರುವ ಪದಗಳನ್ನು ತೆಗೆಯಲಾಗದು; ಕ್ಷನ ಜಾಗದಲ್ಲಿ 10 ಇಟ್ಟು ನೋಡಿದರೆ 15/5 = 3 ಎಂಬುದು 10 ಆಗಲಾರದೆಂದು ಕೂಡಲೇ ತಿಳಿಯುತ್ತದೆ.

ರೈಲಿನ ಲೆಕ್ಕವನ್ನು ಊರಿನ ಮಾರ್ಗದಲ್ಲೇ ಮಾಡಬಹುದು. ಗಾದಿಗನೂರಿನ ಮೂಲಕ ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯನ್ನು ಲೆಕ್ಕದ ಅನುಕೂಲಕ್ಕಾಗಿ 60 ಕಿಲೋಮೀಟರ್ ಎಂದಿಟ್ಟುಕೊಂಡು, ರೈಲಿನ ವೇಗವು ಗಂಟೆಗೆ 10 ಕಿಲೋಮೀಟರ್ ಹೆಚ್ಚಾಗಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು ಎಂದು ಹೇಳಿದರೆ, 60/ಕ್ಷ − 60/(ಕ್ಷ + 10) = 1/2 ಎಂಬ ಸಮೀಕರಣ ಸಿಗುತ್ತದೆ. ಛೇದಗಳನ್ನು ಮೊದಲು ಓದಿದವನು ಕ್ಷ ಎಂಬುದು 0 ಆಗಲಿ −10 ಆಗಲಿ ಆಗಲಾರದೆಂದು ಬರೆದಿಟ್ಟು, ಎರಡು ಬದಿಗಳನ್ನೂ ಛೇದಗಳಿಂದ ಗುಣಿಸಿ, ಕ್ಷ² + 10ಕ್ಷ − 1200 = 0 ಎಂಬ ವರ್ಗ ಸಮೀಕರಣವನ್ನು ಪಡೆಯುತ್ತಾನೆ; ಅದರ ಮೂಲಗಳು 30 ಮತ್ತು −40. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಎರಡು ಗಂಟೆ, 40ರ ವೇಗದಲ್ಲಿ ಒಂದೂವರೆ ಗಂಟೆ. −40 ಎಂಬ ಮೂಲವು ಸಮೀಕರಣವನ್ನು ತೃಪ್ತಿಪಡಿಸಿದರೂ ವೇಗವಾಗಲಾರದೆಂಬ ಕಾರಣಕ್ಕೆ ಬಿಟ್ಟುಹೋಗುತ್ತದೆ. ಆದರೆ ಕ್ಷ/(ಕ್ಷ − 3) = 3/(ಕ್ಷ − 3) ಎಂಬಲ್ಲಿ ಬರುವ 3 ಎಂಬ ಉತ್ತರವು ಸಮೀಕರಣವನ್ನೇ ತೃಪ್ತಿಪಡಿಸುವುದಿಲ್ಲ; ಅದು ಛೇದದಿಂದ ಗುಣಿಸಿದ ನಮ್ಮ ಕ್ರಿಯೆಯೇ ಹುಟ್ಟಿಸಿದ ಸುಳ್ಳು ಮೂಲ. ಈ ಎರಡು ಬಗೆಯ ತಿರಸ್ಕಾರಗಳ ವ್ಯತ್ಯಾಸವನ್ನು ಉತ್ತರದಲ್ಲಿ ಒಂದು ವಾಕ್ಯವಾಗಿ ಬರೆಯುವ ವಿದ್ಯಾರ್ಥಿಯು ವಿಷಯವನ್ನು ಅರಿತಿದ್ದಾನೆಂದು ಹೇಳಬಹುದು.

ಭಾಗಲಬ್ಧ ಫಲನದ ಅತ್ಯಂತ ಸೊಗಸಾದ ಗುಣವನ್ನು ತೋರಿಸಲು ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರಿಗಿಂತ ಉತ್ತಮ ಉದಾಹರಣೆ ಬೇಕಿಲ್ಲ. ಅದಿರಿನ ದರ್ಜೆಯನ್ನು ಅದರಲ್ಲಿರುವ ಕಬ್ಬಿಣದ ಶೇಕಡಾವಾರು ಪ್ರಮಾಣದಿಂದ ಅಳೆಯುತ್ತಾರೆ, ಮತ್ತು ಬೇರೆ ಬೇರೆ ದರ್ಜೆಯ ಅದಿರನ್ನು ಬೇಕಾದ ಹದಕ್ಕೆ ಬೆರೆಸುವುದುಂಟು. ಶೇಕಡಾ 60 ಕಬ್ಬಿಣವಿರುವ 10 ಟನ್ ಅದಿರಿಗೆ ಶೇಕಡಾ 50 ಕಬ್ಬಿಣವಿರುವ ಕ್ಷ ಟನ್ ಅದಿರನ್ನು ಸೇರಿಸಿದರೆ, ಮಿಶ್ರಣದ ಕಬ್ಬಿಣದ ಶೇಕಡಾ ಪ್ರಮಾಣವು (600 + 50ಕ್ಷ)/(10 + ಕ್ಷ) ಆಗುತ್ತದೆ. ಕ್ಷ = 10 ಆದಾಗ ಅದು 55, 90 ಆದಾಗ 51, 990 ಆದಾಗ 50.1. ಅದೇ ಉಕ್ತಿಯನ್ನು ಭಾಗಿಸಿ 50 + 100/(10 + ಕ್ಷ) ಎಂದು ಬರೆದ ಕೂಡಲೇ ಗುಟ್ಟು ತೆರೆದುಕೊಳ್ಳುತ್ತದೆ: ಎರಡನೆಯ ಪದವು ಕ್ಷ ಬೆಳೆದಂತೆಲ್ಲ ಕಿರಿದಾಗುತ್ತದೆ, ಆದರೆ ಶೂನ್ಯವಾಗುವುದಿಲ್ಲ, ಆದ್ದರಿಂದ ಎಷ್ಟು ಲಾರಿ ಕೆಳದರ್ಜೆಯ ಅದಿರನ್ನು ಸುರಿದರೂ ಮಿಶ್ರಣವು 50ರ ಹತ್ತಿರಕ್ಕೆ ಬರುತ್ತದೆಯೇ ಹೊರತು 50ನ್ನು ಮುಟ್ಟುವುದಿಲ್ಲ. ವಕ್ರರೇಖೆಯು ಹೀಗೆ ಸದಾ ಸಮೀಪಿಸುತ್ತ ಹೋಗುವ ಸರಳರೇಖೆಯನ್ನು ಅನಂತಸ್ಪರ್ಶಕವೆನ್ನುತ್ತಾರೆ, ಎಂದರೆ ಅನಂತದಲ್ಲಿ ಮಾತ್ರ ಸ್ಪರ್ಶಿಸುವ ರೇಖೆ. ಅಂಶ ಮತ್ತು ಛೇದ ಎರಡರ ಮಹತ್ತಮ ಘಾತವೂ ಒಂದೇ ಆಗಿದ್ದರೆ ಆ ಪದಗಳ ಸಹಗುಣಕಗಳ ಅನುಪಾತವೇ ಅಡ್ಡ ಅನಂತಸ್ಪರ್ಶಕದ ಎತ್ತರ ಎಂಬ ನಿಯಮವನ್ನು ಪಟ್ಟಿಯಿಂದ ಕಲಿಯುವುದಕ್ಕಿಂತ, ಅದಿರಿನ ರಾಶಿಯೊಂದು ದೊಡ್ಡದಾಗುತ್ತ ಹೋಗುವುದನ್ನು ಮನಸ್ಸಿನಲ್ಲಿ ಕಂಡು ಕಲಿಯುವುದು ಹೆಚ್ಚು ಕಾಲ ಉಳಿಯುತ್ತದೆ.

ಸಂಭವನೀಯತೆಗೆ ಸಾಗುವ ಸೇತುವೆಯೂ ಇಲ್ಲೇ ಇದೆ. ಚೀಲವೊಂದರಲ್ಲಿ 20 ಮಣಿಗಳಿದ್ದು, ಅವುಗಳಲ್ಲಿ 5 ಕೆಂಪಾಗಿವೆ ಎಂದುಕೊಳ್ಳೋಣ. ನೋಡದೆ ಒಂದನ್ನು ತೆಗೆದರೆ ಅದು ಕೆಂಪಾಗಿರುವ ಸಂಭವನೀಯತೆ 5/20. ಇನ್ನೂ ಕ್ಷ ಕೆಂಪು ಮಣಿಗಳನ್ನು ಹಾಕಿದರೆ ಅದು (5 + ಕ್ಷ)/(20 + ಕ್ಷ) ಆಗುತ್ತದೆ, ಇದು ಭಾಗಲಬ್ಧ ಫಲನವೇ. ಸಂಭವನೀಯತೆ 1/2 ಆಗಬೇಕಾದರೆ ಎಷ್ಟು ಮಣಿ ಬೇಕೆಂದು ಕೇಳಿದರೆ 10 ಎಂಬ ಉತ್ತರ ಬರುತ್ತದೆ. 1 ಆಗಬೇಕಾದರೆ 5 + ಕ್ಷ = 20 + ಕ್ಷ ಎಂಬ ಅಸಾಧ್ಯ ಸಮೀಕರಣ ಬರುತ್ತದೆ, ಏಕೆಂದರೆ 15 ಬೇರೆ ಬಣ್ಣದ ಮಣಿಗಳು ಚೀಲದೊಳಗೆ ಇದ್ದೇ ಇರುತ್ತವೆ. ಬೀಜಗಣಿತದ ಅನಂತಸ್ಪರ್ಶಕವೂ ಸಂಭವನೀಯತೆಯ ‘ಖಚಿತ ಘಟನೆ’ಯೂ ಇಲ್ಲಿ 1 ಎಂಬ ಒಂದೇ ಎತ್ತರದಲ್ಲಿ ಸೇರುತ್ತವೆ, ಮತ್ತು ಸಂಭವನೀಯತೆಯು 1ನ್ನು ಮೀರಿದ ಉತ್ತರ ಬಂದರೆ ಅದು ತಪ್ಪೆಂದು ಹೇಳಲು ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಯಾದೃಚ್ಛಿಕ ಪ್ರಯೋಗವೆಂದರೆ ಯಾವ ಫಲಿತ ಬರುವುದೆಂದು ಮೊದಲೇ ಹೇಳಲಾಗದ, ಆದರೆ ಯಾವ ಯಾವ ಫಲಿತಗಳು ಬರಬಹುದೆಂದು ಪಟ್ಟಿ ಮಾಡಬಹುದಾದ ಪ್ರಯೋಗ. ಆ ಪಟ್ಟಿಯೇ ಫಲಿತಗಣ, ಅದರ ಒಂದು ಭಾಗವೇ ಘಟನೆ. ಪಠ್ಯದಲ್ಲಿರುವ ಸೈದ್ಧಾಂತಿಕ ವ್ಯಾಖ್ಯೆಯಂತೆ ಘಟನೆಗೆ ಅನುಕೂಲವಾದ ಫಲಿತಗಳ ಸಂಖ್ಯೆಯು ಅಂಶವಾಗಿಯೂ ಎಲ್ಲ ಫಲಿತಗಳ ಸಂಖ್ಯೆಯು ಛೇದವಾಗಿಯೂ ಬರುತ್ತದೆ, ಆದರೆ ಎಲ್ಲ ಫಲಿತಗಳೂ ಸಮಸಂಭವನೀಯವಾಗಿದ್ದಾಗ ಮಾತ್ರ. ಈ ಕೊನೆಯ ಷರತ್ತನ್ನು ಫ್ರಾನ್ಸಿನ ಲಾಪ್ಲಾಸ್ ಎರಡು ಶತಮಾನಗಳ ಹಿಂದೆಯೇ ಒತ್ತಿ ಹೇಳಿದ್ದನು. ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳ ಸಂಖ್ಯೆಗಳನ್ನು ಚೀಟಿಗಳಲ್ಲಿ ಬರೆದು ಒಂದನ್ನು ಎತ್ತಿದರೆ, ಅದು ಅವಿಭಾಜ್ಯ ಸಂಖ್ಯೆಯಾಗಿರುವ ಸಂಭವನೀಯತೆ 11/33, ಎಂದರೆ 1/3. 5ರ ಗುಣಕವಾಗಿರುವ ಸಂಭವನೀಯತೆ 6/33, ಎಂದರೆ 2/11. ಚೀಟಿಗಳು ಒಂದೇ ಬಗೆಯವಾದ್ದರಿಂದ ಈ ಛೇದ ಸರಿ. ಆದರೆ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋದ ಘಟನೆಯ ಸಂಭವನೀಯತೆಯನ್ನು 1/33 ಎಂದು ಹೇಳುವುದು ದೊಡ್ಡ ತಪ್ಪಾಗುತ್ತದೆ. ಚೀಟಿ ಎತ್ತುವಾಗ ಒಂದು ಚೀಟಿ ಬಂದೇ ಬರುತ್ತದೆ. ಗೇಟುಗಳಲ್ಲಿ ಒಂದು ಮುರಿಯಲೇಬೇಕೆಂಬ ನಿಯಮವಿಲ್ಲ, ಮತ್ತು ಅವುಗಳ ಸವಕಳಿಯೂ ಸಮವಾಗಿರಬೇಕೆಂದಿಲ್ಲ.

ಆ ಪ್ರಶ್ನೆಯನ್ನು ಸರಿಯಾಗಿ ಕೇಳುವ ದಾರಿ ಪೂರಕ ಘಟನೆಯ ಮೂಲಕ ಹೋಗುತ್ತದೆ. ಒಂದು ಘಟನೆ ನಡೆಯದಿರುವುದೇ ಅದರ ಪೂರಕ ಘಟನೆ, ಮತ್ತು ಎರಡರ ಸಂಭವನೀಯತೆಗಳ ಮೊತ್ತ 1. ಕೇವಲ ಊಹೆಗಾಗಿ, ಒಂದು ಮಳೆಗಾಲದಲ್ಲಿ ಒಂದು ಗೇಟು ಕೆಡುವ ಸಂಭವನೀಯತೆ 1/100 ಎಂದೂ ಗೇಟುಗಳು ಪರಸ್ಪರ ಸ್ವತಂತ್ರವೆಂದೂ ಇಟ್ಟುಕೊಂಡರೆ, ಯಾವ ಗೇಟೂ ಕೆಡದಿರುವ ಸಂಭವನೀಯತೆ 99/100ನ್ನು 33 ಬಾರಿ ಗುಣಿಸಿದಾಗ ಬರುವ ಸಂಖ್ಯೆ, ಸುಮಾರು 0.72, ಆದ್ದರಿಂದ ಕನಿಷ್ಠ ಒಂದಾದರೂ ಕೆಡುವ ಸಂಭವನೀಯತೆ ಸುಮಾರು 0.28. ನೂರರಲ್ಲಿ ಒಂದು ಎಂಬ ಅಲ್ಪ ಅಪಾಯವು 33 ಗೇಟುಗಳಲ್ಲಿ ಹರಡಿಕೊಂಡಾಗ ನೂರರಲ್ಲಿ ಇಪ್ಪತ್ತೆಂಟಕ್ಕೆ ಏರುವುದನ್ನು ಹೊಸಪೇಟೆ, ಕಂಪ್ಲಿಗಳ ನದಿತೀರದ ರೈತರ ಮಕ್ಕಳು ಲೆಕ್ಕವಾಗಿ ಕಾಣುವುದು ಅಗತ್ಯ. ‘ಸ್ವತಂತ್ರ’ ಎಂಬ ಊಹೆಯನ್ನೂ ಅವರು ಪ್ರಶ್ನಿಸಬೇಕು. 1950ರ ದಶಕದ ಒಂದೇ ಅಣೆಕಟ್ಟಿನಲ್ಲಿ, ಒಂದೇ ನೀರಿನ ಒತ್ತಡದಡಿ ನಿಂತಿರುವ ಗೇಟುಗಳು ಒಂದರ ಸ್ಥಿತಿಗೂ ಇನ್ನೊಂದರ ಸ್ಥಿತಿಗೂ ಸಂಬಂಧವೇ ಇಲ್ಲದಂತೆ ವರ್ತಿಸುತ್ತವೆಂದು ನಂಬಲು ಕಾರಣ ಸಾಲದು.

ಛೇದವನ್ನು ಎಣಿಸುವಲ್ಲಿ ಆಗುವ ಇನ್ನೊಂದು ತಪ್ಪಿಗೆ ಮನೆಯಂಗಳದ ಚೌಕಾಬಾರವೇ ಪಾಠಶಾಲೆ. ಹುಣಸೆ ಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ, ಅಂತಹ ನಾಲ್ಕನ್ನು ಎಸೆದಾಗ ಎಷ್ಟು ಬೀಜಗಳು ಬಿಳಿ ಮಗ್ಗುಲಾಗಿ ಬಿದ್ದವೋ ಅಷ್ಟು ಮನೆ ನಡೆಯುವುದು, ನಾಲ್ಕೂ ಕಪ್ಪಾಗಿ ಬಿದ್ದರೆ ಎಂಟು ಎಂದು ಎಣಿಸುವುದು ಹಲವೆಡೆಯ ರೂಢಿ. ಬರಬಹುದಾದ ಗರಗಳು 1, 2, 3, 4, 8 ಎಂಬ ಐದೇ ಆದ್ದರಿಂದ ಪ್ರತಿಯೊಂದರ ಸಂಭವನೀಯತೆ 1/5 ಎಂದು ಬರೆಯುವ ವಿದ್ಯಾರ್ಥಿಯು ಸಮಸಂಭವನೀಯತೆಯನ್ನು ಪರಿಶೀಲಿಸಿಲ್ಲ. 18ನೆಯ ಶತಮಾನದ ಶ್ರೇಷ್ಠ ಗಣಿತಜ್ಞ ಡಿ’ಅಲೆಂಬರ್ ಇದೇ ಬಗೆಯ ತಪ್ಪನ್ನು 1754ರಲ್ಲಿ ಅಚ್ಚಿನಲ್ಲಿಯೇ ಮಾಡಿದನು. ನಾಣ್ಯವನ್ನು ಎರಡು ಬಾರಿ ಚಿಮ್ಮಿದಾಗ ಒಮ್ಮೆಯಾದರೂ ತಲೆ ಬೀಳುವ ಸಂಭವನೀಯತೆಯನ್ನು ಅವನು 3/4ರ ಬದಲು 2/3 ಎಂದು ವಾದಿಸಿದನು. ಬೀಜದ ಎರಡೂ ಮಗ್ಗುಲು ಸಮಸಂಭವನೀಯವೆಂದುಕೊಂಡರೆ ನಾಲ್ಕು ಬೀಜಗಳಿಗೆ 2 × 2 × 2 × 2 = 16 ಫಲಿತಗಳಿವೆ, ಛೇದ 16. ಎರಡು ಬಿಳಿ ಬೀಳುವ ಬಗೆಗಳು ಎಷ್ಟೆಂದರೆ ನಾಲ್ಕರಲ್ಲಿ ಎರಡನ್ನು ಆಯುವ ಬಗೆಗಳಷ್ಟು.

ಆಯ್ಕೆಗಳನ್ನು ಎಣಿಸುವ ಸಾಮಾನ್ಯ ನಿಯಮವನ್ನು ಮೊದಮೊದಲು ಹೇಳಿದವರಲ್ಲಿ ಮಹಾವೀರಾಚಾರ್ಯನೇ ಪ್ರಮುಖನು. ಒಂದರಿಂದ ಆರಂಭಿಸಿ ಒಂದೊಂದಾಗಿ ಏರುವ ಸಂಖ್ಯೆಗಳನ್ನು ಕೆಳಗೆ ನೇರ ಕ್ರಮದಲ್ಲಿಯೂ ಮೇಲೆ ಹಿಮ್ಮುಖ ಕ್ರಮದಲ್ಲಿಯೂ ಬರೆದು, ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸಬೇಕೆಂಬುದು ಅವನ ವಿಧಾನ; ನಾಲ್ಕರಲ್ಲಿ ಎರಡಕ್ಕೆ (4 × 3)/(1 × 2) = 6. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಬೆರೆಸುವ ಬಗೆಗಳ ಲೆಕ್ಕಕ್ಕೂ ಅದೇ ನಿಯಮ: ಒಂದೊಂದಾಗಿ 6, ಎರಡೆರಡಾಗಿ 15, ಮೂರು ಮೂರಾಗಿ 20, ಮುಂದೆ 15, 6, 1, ಒಟ್ಟು 63. ವಸ್ತುಗಳ ಸಂಖ್ಯೆಯನ್ನು ಅಜ್ಞಾತವಾಗಿರಿಸಿ ಎರಡನ್ನು ಆಯ್ದರೆ ಕ್ಷ(ಕ್ಷ − 1)/2 ಎಂಬ ಉಕ್ತಿ ಬರುತ್ತದೆ, ಹೀಗೆ ಎಣಿಕೆಯೇ ಬೀಜಗಣಿತವಾಗುತ್ತದೆ. ಚೌಕಾಬಾರದ ಲೆಕ್ಕ ಈಗ ತೀರುತ್ತದೆ: 1 ಮತ್ತು 3ಕ್ಕೆ 4/16ರಂತೆ, 2ಕ್ಕೆ 6/16, 4 ಮತ್ತು 8ಕ್ಕೆ 1/16ರಂತೆ, ಕೂಡಿದರೆ 16/16. ನಾಲ್ಕಕ್ಕೂ ಎಂಟಕ್ಕೂ ಮರು ಆಟ ಕೊಡುವ ರೂಢಿಯಲ್ಲಿ ಅವುಗಳ ವಿರಳತೆಯ ಅರಿವು ಇದ್ದಂತಿದೆ.

ಆದರೆ ಬೀಜದ ಎರಡು ಮಗ್ಗುಲುಗಳು ನಿಜಕ್ಕೂ ಸಮಸಂಭವನೀಯವೇ? ಉಜ್ಜಿದ ಮಗ್ಗುಲು ಚಪ್ಪಟೆಯಾಗಿಯೂ ಇನ್ನೊಂದು ಉಬ್ಬಾಗಿಯೂ ಇರುವುದರಿಂದ, ಕವಡೆಯಂತೆಯೇ ಇಲ್ಲಿಯೂ ಅದನ್ನು ಮೊದಲೇ ನಂಬಲಾಗದು, ಎಸೆದೇ ನೋಡಬೇಕು. ಒಟ್ಟು ಎಸೆತಗಳಲ್ಲಿ ಬಿಳಿ ಬಿದ್ದವು ಎಷ್ಟು ಎಂಬ ಭಿನ್ನರಾಶಿಯನ್ನು ಪ್ರಾಯೋಗಿಕ ಸಂಭವನೀಯತೆ ಎನ್ನುತ್ತಾರೆ. ಆ ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂಬ ಪ್ರಶ್ನೆಗೆ ಆಳವಾದ ಉತ್ತರಗಳಲ್ಲೊಂದನ್ನು ಕೊಟ್ಟವರು ಇದೇ ಸೀಮೆಯಲ್ಲಿ ಹುಟ್ಟಿದವರು. ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ ತೆಲುಗು ಕುಟುಂಬವೊಂದರಲ್ಲಿ ಜನಿಸಿ, ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದು, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಆಗಸ್ಟ್‌ನಲ್ಲಿ ನಿಧನರಾದರು. 1945ರ ಅವರ ಲೇಖನದಲ್ಲಿರುವ, ಸ್ವೀಡನ್ನಿನ ಕ್ರಾಮೆರ್ ಅವರ ಹೆಸರಿನೊಂದಿಗೆ ಸೇರಿ ಕ್ರಾಮೆರ್–ರಾವ್ ಮಿತಿ ಎಂದು ಪ್ರಸಿದ್ಧವಾದ ಫಲಿತಾಂಶವು, ಯಾವ ಕಡೆಗೂ ವಾಲದ ಅಂದಾಜಿನ ಏರಿಳಿತವು ಎಷ್ಟಕ್ಕಿಂತ ಕಡಿಮೆಯಾಗಲಾರದು ಎಂಬುದನ್ನು ಹೇಳುತ್ತದೆ. ಬೀಜವೊಂದು ಬಿಳಿಯಾಗಿ ಬೀಳುವ ನಿಜವಾದ ಸಂಭವನೀಯತೆಯನ್ನು ‘ಸ’ ಎಂದೂ ಎಸೆತಗಳ ಸಂಖ್ಯೆಯನ್ನು ‘ನ’ ಎಂದೂ ಬರೆದರೆ ಆ ಮಿತಿ ಸ(1 − ಸ)/ನ; ಅದರ ವರ್ಗಮೂಲವೇ ಅಂದಾಜಿನಲ್ಲಿ ಸಾಮಾನ್ಯವಾಗಿ ಇರಬಹುದಾದ ತಪ್ಪಿನ ಅಳತೆ.

ಮೇಲೆ ಸಂಭವನೀಯತೆಯ ಬಹುಪದೋಕ್ತಿ, ಕೆಳಗೆ ಎಸೆತಗಳ ಎಣಿಕೆ: ಎರಡು ಅಧ್ಯಾಯಗಳೂ ಒಂದೇ ಗೆರೆಯ ಮೇಲೆ ಕೆಳಗೆ ಕುಳಿತ ಭಾಗಲಬ್ಧ ಉಕ್ತಿಯಿದು. ಸ ಎಂಬುದು 1/2ರ ಆಸುಪಾಸಿನಲ್ಲಿದ್ದರೆ, 100 ಬಾರಿ ಎಸೆದವರ ಅಂದಾಜಿನಲ್ಲಿ ಸುಮಾರು 0.05ರಷ್ಟು ತಪ್ಪಿರಬಹುದು, ಅದನ್ನು 0.025ಕ್ಕೆ ಇಳಿಸಲು 200 ಎಸೆತ ಸಾಲದು, 400 ಬೇಕು. ನಾಲ್ಕು ಬೀಜಗಳನ್ನು ಒಟ್ಟಿಗೆ ಎಸೆದರೆ ಅದು ನೂರು ಗರಗಳ ಕೆಲಸ, ಒಂದು ಸಂಜೆಯಲ್ಲಿ ಮುಗಿಯುವಂಥದು. ತಪ್ಪನ್ನು ಪೂರ್ತಿ ಇಲ್ಲವಾಗಿಸಲು ಎಷ್ಟು ಎಸೆತ ಬೇಕೆಂದು ಕೇಳಿದರೆ, ಛೇದವನ್ನು ಎಷ್ಟು ಬೆಳೆಸಿದರೂ ಭಿನ್ನರಾಶಿ ಶೂನ್ಯವಾಗದು, ಅದು ಶೂನ್ಯವಾಗುವುದು ಅಂಶ ಶೂನ್ಯವಾದಾಗ ಮಾತ್ರ; ಸ ಎಂಬುದು 0 ಅಥವಾ 1 ಆದಾಗ, ಎಂದರೆ ಎಸೆದು ನೋಡುವ ಅಗತ್ಯವೇ ಇಲ್ಲದ ಬೀಜ ಸಿಕ್ಕಾಗ.